ಚಡ್ಡಿ ಪಾಲಯ್ಯನ ಹೊಲಿಗೆ

ದಾವಣಗೆರೆಯವರಿಗೆ ಅಡ್ಡಹೆಸರಿಡುವುದು ಮಂಡಕ್ಕಿ ತಿಂದಷ್ಟು ಸಲೀಸು. ಪಾಲಯ್ಯ ಜೀವಮಾನವಿಡೀ ಹೊಲಿದದ್ದು ಹತ್ತಿಯ ಗಾಡಿಗಳಿಗೆ, ಲಾರಿಗಳಿಗೆ ಹೊದಿಸುವ ತಾಡಪಾಲು. ಆದರೂ ಆತನನ್ನು ಯಾರೂ ತಾಡಪಾಲು ಪಾಲಯ್ಯ ಅನ್ನಲಿಲ್ಲ. ನಡುವೆ ಕೆಲವು ವರ್ಷ ಕೂಸುಗಳಿಗೆ ರಬ್ಬರ್ ಚಡ್ಡಿ ಮಾಡಿಕೊಟ್ಟ ಎಂಬ ಒಂದೇ ಕಾರಣಕ್ಕೆ ಸಾಯುವವರೆಗೂ ಚಡ್ಡಿ ಪಾಲಯ್ಯ ಎಂದು ಕರೆದರು. ಕರೆದು ಹಲ್ಲು ಕಿಸಿದರು. ಆ ಹಲ್ಲುಗಳನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಆತ ಯಾಕೆ ಆ ಕೆಲಸಕ್ಕೆ ಕೂತ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬಾಯಿ ಬಿಡಬಾರದೆಂದು ಆತನ ಹೆಂಡತಿ ಹೊನ್ನಕ್ಕ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು, ಬಿಡಲಿಲ್ಲ. ಈಗ ಆಣೆ ಹಾಕಿಸಿಕೊಂಡವಳೂ ಇಲ್ಲ, ಮಾತು ಹೊರಗೆ ಬಂದರೆ ನೋಯುವವರೂ ಇಲ್ಲ.

ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮಪ್ಪ ಮುರುಗೇಶಪ್ಪನವರ ದಲಾಲಿ ಅಂಗಡಿ ಇತ್ತು. ಅಂಗಡಿ ಜಗಲಿಯ ಒಂದು ಮೂಲೆ ಪಾಲಯ್ಯನದು. ಅಲ್ಲಿ ಆತನ ದೊಡ್ಡ ಹೊಲಿಗೆ ಯಂತ್ರ, ಪಕ್ಕದಲ್ಲಿ ಜೇನುಮೇಣದ ಉಂಡೆ, ಒಂದು ಕೊಡ ನೀರು. ತಾಡಪಾಲು ಮುಗಿದ ಮೇಲೆ ಅದನ್ನು ಜಗಲಿಯ ಕಂಬಗಳಿಗೆ ಕಟ್ಟಿ, ಹೊಲಿಗೆಯ ಮೇಲೆ ನೀರು ಸುರಿದು, ತಾನು ಕೆಳಗೆ ಕುಕ್ಕುರುಗಾಲಲ್ಲಿ ಕೂತು ಮೇಲಕ್ಕೆ ನೋಡುತ್ತಿದ್ದ. ಒಂದು ಹನಿ ಮೂಡಿದರೂ ಅಷ್ಟುದ್ದ ಬಿಚ್ಚಿ ಮತ್ತೆ ಹೊಲಿಯುವುದು.

"ಬಟ್ಟೆ ಸೋರಲ್ಲ ಶಾಂತಮ್ಮ, ಸೋರೋದು ಹೊಲಿಗೆ," ಎಂದು ನನಗೆ ಹೇಳುತ್ತಿದ್ದ. "ಸೂಜಿ ಹೋದಲ್ಲೆಲ್ಲ ತೂತು ಬೀಳ್ತೈತೆ. ಅದಕ್ಕೇ ದಾರಕ್ಕೆ ಮೇಣ ತಿಕ್ಕಬೇಕು, ಬಟ್ಟೆ ಎರಡು ಮಡಿಕೆ ಮಡಚಬೇಕು."

ಕಮಲ ಆತನ ಒಬ್ಬಳೇ ಮಗಳು, ನನ್ನ ಓರಗೆಯವಳು. ಓಣಿಯ ಚಿಕ್ಕವರಿಗೆ ಕಮಲಕ್ಕ, ನನಗೆ ಬರೀ ಕಮ್ಲಿ. ನಾಲ್ಕನೆಯ ಕ್ಲಾಸಿನವರೆಗೆ ಪಕ್ಕಪಕ್ಕ ಕೂತು ಓದಿದೆವು, ಆಮೇಲೆ ಇಬ್ಬರನ್ನೂ ಬಿಡಿಸಿ ಮನೆಯಲ್ಲಿ ಕೂರಿಸಿದರು. ಹರಿಹರದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಓಬಳೇಶ ಎಂಬ ಹುಡುಗನ ಸಂಬಂಧ ಬಂತು. ಅವನ ತಾಯಿ ಉಚ್ಚೆಂಗೆಮ್ಮ ಕೊಂಡಜ್ಜಿಯಿಂದ ಹೆಣ್ಣು ನೋಡಲು ಬಂದಳು. ಎತ್ತರದ ಹೆಂಗಸು, ದನಿ ಗಡಸು, ನಗು ಅನ್ನುವುದು ಆಕೆಯ ಮುಖದ ಹತ್ತಿರ ಸುಳಿಯುತ್ತಿರಲಿಲ್ಲ. ಕಮಲನನ್ನು ಅಂಗಳದ ಆಚೆಯಿಂದ ಈಚೆಗೆ ನಡೆಸಿದಳು, ಸೂಜಿಗೆ ದಾರ ಪೋಣಿಸಲು ಹೇಳಿದಳು, ಬಾಯಿ ತೆಗೆಸಿ ಹಲ್ಲು ನೋಡಿದಳು. ಎತ್ತಿಗೂ ಅಷ್ಟು ನೋಡುವುದಿಲ್ಲ. ಕೊನೆಗೆ, "ಊನ ಇದ್ದದ್ದು ನಮ್ಮನೆಗೆ ಬರಬಾರದು, ಅಷ್ಟೇ ನೋಡಿದೆ. ಹುಡುಗಿ ಚೆಂದ ಅದಾಳೆ, ತಾಂಬೂಲ ತಗಳ್ರಿ," ಎಂದಳು. ಹೊನ್ನಕ್ಕನಿಗೆ ಆ ಹೊತ್ತು ಸಂತೋಷವೇ ಆಯಿತು. ಊನ ಅನ್ನುವ ಮಾತು ಮಾತ್ರ ಆಕೆಯ ಕಿವಿಯಿಂದ ಹೋಗಲಿಲ್ಲ.

ಐವತ್ತೇಳನೆಯ ಇಸವಿಯಲ್ಲಿ ಕಮಲ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಪಾಲಯ್ಯನ ಸಡಗರ ನೋಡಬೇಕಿತ್ತು. ಯಂತ್ರ ತುಳಿಯುತ್ತಲೇ ತನ್ನಷ್ಟಕ್ಕೆ ನಗುತ್ತಿದ್ದ. ಒಂದು ದಿನ ವಾಮದೇವಪ್ಪನ ಫ್ಯಾನ್ಸಿ ಸ್ಟೋರಿನಲ್ಲಿ ಬೊಂಬಾಯಿಯಿಂದ ಬಂದ ಕೂಸಿನ ರಬ್ಬರ್ ಚಡ್ಡಿ ಕಣ್ಣಿಗೆ ಬಿತ್ತು. ಆಗ ನಮ್ಮಲ್ಲಿ ಅದನ್ನು ಕಂಡವರೇ ಇರಲಿಲ್ಲ. ಕೂಸುಗಳು ಬರಿ ಕುಂಡೆಯಲ್ಲಿ ಇರುತ್ತಿದ್ದವು, ಬಹಳವೆಂದರೆ ಹಳೆ ಸೀರೆಯ ತುಂಡು ಸುತ್ತುತ್ತಿದ್ದೆವು. ಎತ್ತಿಕೊಂಡವರ ಮೈ ಒದ್ದೆಯಾದರೆ ಅದೂ ಒಂದು ಶುಭ ಎಂದು ನಗುತ್ತಿದ್ದರು. ಸುತ್ತಿದ ಬಟ್ಟೆಯ ಮೇಲೆ ಈ ಚಡ್ಡಿ ಹಾಕಿದರೆ ಒಂದು ಹನಿಯೂ ಹೊರಗೆ ಬರುವುದಿಲ್ಲ ಎಂದು ವಾಮದೇವಪ್ಪ ಹೇಳಿದ್ದೇ ತಡ, ಪಾಲಯ್ಯ ಅದನ್ನು ಕೊಂಡು ಮನೆಗೆ ತಂದ.

ಹೊನ್ನಕ್ಕ ಕಂಡವಳೇ ಕೆಂಡವಾದಳು. ಹುಟ್ಟುವ ಮೊದಲು ಕೂಸಿಗೆ ಯಾವ ಹೊಸ ಬಟ್ಟೆಯನ್ನೂ ತರಬಾರದು, ಹುಟ್ಟಿದ ಮೇಲೂ ಮೊದಲು ಹಳೆ ಬಟ್ಟೆಯಲ್ಲೇ ಸುತ್ತಬೇಕು. ಅದು ಆ ಮನೆಯ ಕಟ್ಟು, ನಮ್ಮ ಮನೆಯದೂ ಹೌದು.

"ಹುಟ್ಟದ ಕೂಸಿಗೆ ಚಡ್ಡಿ ತಂದೀಯಲ್ಲ, ನಿನಗೆ ಬುದ್ಧಿ ಎಲ್ಲೈತೆ?"

"ಇದು ಬಟ್ಟೆ ಅಲ್ಲ ಬಿಡು, ರಬ್ಬರು. ಹೊಲಿಗೇನೇ ಇಲ್ಲ ನೋಡು, ಅಂಟಿಸ್ಯಾರೆ. ಹೆಂಗೆ ಅಂಟಿಸ್ಯಾರೋ ನೋಡಾಣ ಅಂತ ತಂದೆ," ಎಂದು ಆತ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ.

ಹೆರಿಗೆ ಕಷ್ಟವಾಯಿತು. ಎರಡು ಹಗಲು ಎರಡು ರಾತ್ರಿ ಕಳೆದರೂ ಕೂಸು ಬರಲಿಲ್ಲ. ಸೂಲಗಿತ್ತಿ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಕಡೆಗೆ ಬಂದದ್ದು ಗಂಡು ಕೂಸು, ಜೀವ ಇರಲಿಲ್ಲ. ಪಾಲಯ್ಯನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ. ಕಮಲ ಬದುಕಿದಳು ಎಂದು ನಾವು ಸಮಾಧಾನ ಮಾಡಿಕೊಂಡೆವು.

ಆದರೆ ಅಂದಿನಿಂದ ಅವಳಿಗೆ ಉಚ್ಚೆ ನಿಲ್ಲಲಿಲ್ಲ. ಕೂತರೆ, ನಿಂತರೆ, ಮಲಗಿದರೆ ತೊಟ್ಟಿಕ್ಕುತ್ತಲೇ ಇತ್ತು. ಹಗಲು ರಾತ್ರಿ ಎಂಬುದಿಲ್ಲ. "ನರ ಸಡಿಲ ಆಗೈತೆ, ಬಾಣಂತನದ ಕಾವಿಗೆ ಬಿಗಿ ಆಗ್ತೈತೆ," ಎಂದಳು ಸೂಲಗಿತ್ತಿ. ಕಾವೂ ಕೊಟ್ಟರು, ಕಷಾಯವೂ ಕುಡಿಸಿದರು. ಉಕ್ಕಡಗಾತ್ರಿಗೆ ಕರೆದುಕೊಂಡು ಹೋಗಿ ಹೊಳೆಯಲ್ಲಿ ಸ್ನಾನ ಮಾಡಿಸಿ ಅಜ್ಜಯ್ಯನ ಗದ್ದುಗೆಗೆ ಹರಕೆ ಕಟ್ಟಿದರು. ಏನೂ ಆಗಲಿಲ್ಲ. ಕಮಲ ಹಿಂದಿನ ಕೋಣೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂತಿರುತ್ತಿದ್ದಳು. ನಾನು ಹೋದರೆ ದೂರ ಕೂತುಕೋ ಎಂದು ಕೈ ಮಾಡುತ್ತಿದ್ದಳು. ನನಗೆ ಅಳು ಬರುತ್ತಿತ್ತು, ಅವಳ ಮುಂದೆ ಅಳಬಾರದೆಂದು ಬೈಯುತ್ತಿದ್ದೆ.

"ಡಾಕ್ಟರಿಗೆ ತೋರಿಸೋಣ ಹೊನ್ನಕ್ಕ," ಎಂದೆ.

"ಯಾವ ಡಾಕ್ಟರಿಗೆ? ಗಂಡಸಿಗೆ ಇದನ್ನ ಹೆಂಗೆ ಹೇಳ್ತಿ? ಪೇಟೆ ಡಾಕ್ಟರ ಕಂಪೌಂಡರು ದಿನಾ ಹರಿಹರದಿಂದ ಬರ್ತಾನೆ. ಸಂಜೆ ಆತ ರೈಲು ಇಳಿದ್ರೆ ಸಾಕು, ಕೊಂಡಜ್ಜಿಗೆ ಹೋಗಿ ಉಚ್ಚೆಂಗೆಮ್ಮನ ಕಿವಿಗೆ ಬೀಳ್ತೈತೆ. ಊನ ಇರೋದು ಬ್ಯಾಡ ಅಂದಾಕಿ ಆಕಿ. ಮರುದಿನ ಮಗನಿಗೆ ಬೇರೆ ಹೆಣ್ಣು ನೋಡ್ತಾಳೆ." ಹೊನ್ನಕ್ಕ ನನ್ನ ಕೈಯನ್ನು ಕಮಲನ ತಲೆಯ ಮೇಲೆ ಇಡಿಸಿದಳು. "ಯಾರಿಗೂ ಹೇಳಲ್ಲ ಅಂತ ಆಣೆ ಮಾಡು ಶಾಂತಿ."

ಆಣೆ ಮಾಡಿದೆ. ಹರಿಹರದಿಂದ ಓಬಳೇಶ ಕರೆಯಲು ಬರುವ ದಿನ ಹತ್ತಿರವಾಗುತ್ತಿತ್ತು. ಹೀಗೇ ಕಳಿಸಿದರೆ ಕಮಲ ಗಂಡನ ಮನೆಯಲ್ಲಿ ಉಳಿಯುವುದಿಲ್ಲ ಎನ್ನುವುದು ನಾಲ್ವರಿಗೂ ಗೊತ್ತಿತ್ತು. ಅವಳಿಗೆ ಅವನೆಂದರೆ ಜೀವ. ಮೂಲೆಯಲ್ಲಿ ಕೂತೇ, "ಅವರು ಬಿಟ್ಟರೆ ನಾನು ಹೊಳೆ ನೋಡ್ಕಂತೀನಿ," ಎಂದಳು, ಬಹಳ ಸಣ್ಣ ದನಿಯಲ್ಲಿ. ಗೋಡೆಯ ಆಚೆ ಪಾಲಯ್ಯ ಇದ್ದ. ಕೇಳಿಸಿರಬೇಕು.

ಮಾರನೆಯ ದಿನ ಆತ ಜಗಲಿಗೆ ಬರಲಿಲ್ಲ. ನಾನು ಮನೆಗೆ ಹೋಗಿ ನೋಡಿದರೆ ಆ ಕೂಸಿನ ರಬ್ಬರ್ ಚಡ್ಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬ್ಲೇಡಿನಿಂದ ಅಂಟು ಬಿಡಿಸುತ್ತಿದ್ದ. ಹೊನ್ನಕ್ಕ ಒಲೆಗೆ ಹಾಕು ಎಂದು ಕೊಟ್ಟಿದ್ದನ್ನು ಆತ ಇಟ್ಟುಕೊಂಡಿದ್ದ. ಬಿಡಿಸಿ, ನೆಲದ ಮೇಲೆ ಹರಡಿ, ಸುತ್ತ ಸುಣ್ಣದ ಗೆರೆ ಎಳೆದು, ಆ ಗೆರೆಯ ಸುತ್ತ ದೊಡ್ಡ ಗೆರೆ ಎಳೆದ. ಮೊಮ್ಮಗನಿಗೆ ತಂದದ್ದರ ಮಾದರಿಯಲ್ಲಿ ಮಗಳಿಗೆ ಕತ್ತರಿಸುವುದು ಯಾವ ತಂದೆಗೂ ಬರಬಾರದು. ನಾನು ಬಾಗಿಲಲ್ಲೇ ನಿಂತೆ, ಒಳಗೆ ಹೋಗಲಿಲ್ಲ.

ಬೆಳೆದ ಮಗಳ ಸೊಂಟದ ಅಳತೆ ತಂದೆ ತೆಗೆಯುವಂತಿಲ್ಲ, ಬಾಯಿ ಬಿಟ್ಟು ಕೇಳುವಂತೆಯೂ ಇಲ್ಲ. ಹೊನ್ನಕ್ಕ ಒಳಗೆ ದಾರ ಹಿಡಿದು ಅಳೆದು, ಸೊಂಟಕ್ಕೆ ಒಂದು ಗಂಟು, ತೊಡೆಗೆ ಎರಡು ಗಂಟು ಹಾಕಿ ತಂದುಕೊಟ್ಟಳು. ಮೊದಲನೆಯದನ್ನು ಮೇಣಬಟ್ಟೆಯಲ್ಲಿ ಹೊಲಿದ. ಅದು ನಾಲ್ಕು ದಿನಕ್ಕೆ ಬಿರುಕು ಬಿಟ್ಟಿತು, ತೊಡೆ ಕೊಯ್ದುಹೋಯಿತು. ಎರಡನೆಯದಕ್ಕೆ ಆಸ್ಪತ್ರೆಯ ಹಾಸಿಗೆಗೆ ಹಾಕುವಂಥ ಕೆಂಪು ರಬ್ಬರ್ ಹಾಳೆ ಕೊಂಡು ತಂದ. ಹೊಲಿಗೆ ಕೆಳಗೆ ಬಂದರೆ ಸೋರುತ್ತದೆಂದು ಇಡೀ ಚಡ್ಡಿಯನ್ನು ಒಂದೇ ತುಂಡಿನಲ್ಲಿ ಕತ್ತರಿಸಿ, ಜೋಡಣೆಯನ್ನು ಸೊಂಟದ ಎರಡೂ ಬದಿಗೆ ಮೇಲೆ ತಂದ. ಸೂಜಿಯ ತೂತುಗಳ ಮೇಲೆ ಸೈಕಲ್ ಪಂಕ್ಚರಿಗೆ ಹಚ್ಚುವ ಸೊಲ್ಯೂಷನ್ ಬಳಿದು ರಬ್ಬರ್ ಪಟ್ಟಿ ಒತ್ತಿದ. ಒಳಗೆ ಹಳೆ ಸೀರೆಯ ಮಡಿಕೆ, ಹೊರಗೆ ಈ ಚಡ್ಡಿ. ಮುಗಿದ ಮೇಲೆ ಅದರಲ್ಲಿ ನೀರು ತುಂಬಿ ಹಿತ್ತಲ ಗೂಟಕ್ಕೆ ನೇತುಹಾಕಿ ಕೆಳಗೆ ಕೂತ. ಸಂಜೆಯವರೆಗೆ ಕೂತೇ ಇದ್ದ, ಊಟಕ್ಕೂ ಏಳಲಿಲ್ಲ.

ಅದನ್ನು ತೊಟ್ಟುಕೊಂಡು ಕಮಲ ಎಷ್ಟೋ ತಿಂಗಳ ಮೇಲೆ ನಡುಮನೆಗೆ ಬಂದು ಚಾಪೆಯ ಮೇಲೆ ಕೂತಳು. ಎದ್ದಳು. ಹಿಂದೆ ತಿರುಗಿ ಚಾಪೆ ನೋಡಿದಳು, ಒಣಗಿತ್ತು. ಅವಳು ನಕ್ಕಾಗ ಹೊನ್ನಕ್ಕ ಗೋಡೆಗೆ ಮುಖ ಮಾಡಿ ಅತ್ತಳು.

ಅಷ್ಟು ರಬ್ಬರ್ ಹಾಳೆ ಯಾಕೆ ಎಂದು ಊರು ಕೇಳದೆ ಬಿಡುತ್ತದೆಯೇ. ಪೇಟೆಯಲ್ಲಿ ಮೊದಲು ವಾಮದೇವಪ್ಪನೇ ಕೇಳಿದ. ಪಾಲಯ್ಯನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಕೂಸಿನ ಚಡ್ಡಿ ಮಾಡ್ತೀನಿ," ಎಂದುಬಿಟ್ಟ. ಹೇಳಿದ ಮೇಲೆ ಮಾಡಬೇಕಾಯಿತು. ಬೊಂಬಾಯಿಯದಕ್ಕಿಂತ ಗಟ್ಟಿ ಎಂದು ವಾಮದೇವಪ್ಪ ತನ್ನ ಅಂಗಡಿಯಲ್ಲಿ ತೂಗುಹಾಕಿದ. ದಲಾಲರ ಮನೆಯ, ಗಿರಣಿ ಗುಮಾಸ್ತರ ಮನೆಯ ಹೆಂಗಸರು ಕೊಂಡರು. ನನ್ನನ್ನೂ ಊರಲ್ಲೇ ಕೊಟ್ಟಿದ್ದರು, ನನ್ನ ಮೊದಲ ಮಗಳೂ ಅದನ್ನೇ ಹಾಕಿ ಬೆಳೆದಳು. ಸೆಕೆಗೆ ಕೂಸಿನ ತೊಡೆಯಲ್ಲಿ ಗುಳ್ಳೆ ಎದ್ದವು ಎಂದು ನಾನು ಜಗಳಕ್ಕೆ ಹೋದಾಗ, ಆತ ಸೊಂಟದ ಹತ್ತಿರ ಗಾಳಿಯಾಡಲು ಸಂದು ಬಿಟ್ಟು ಬೇರೆ ಮಾಡಿಕೊಟ್ಟ. ಆಮೇಲೆ ಕಮಲನದಕ್ಕೂ ಹಾಗೇ ಸಂದು ಬಿಟ್ಟ. ಊರಿನ ಕೂಸುಗಳಲ್ಲೆಲ್ಲ ಕಲಿತದ್ದು ಹರಿಹರಕ್ಕೆ ಹೋಗುತ್ತಿತ್ತು.

"ಏನ್ ಪಾಲಯ್ಯ, ಲಾರಿ ಬಿಟ್ಟು ಕೂಸಿನ ಕುಂಡೆಗೆ ಇಳಿದೆ?" ಎಂದು ಹಮಾಲರು ಕೂಗುತ್ತಿದ್ದರು.

"ಎರಡೂ ಸೋರಬಾರದಲ್ಲಪ್ಪ," ಎಂದು ಆತ ತಲೆ ಎತ್ತದೆ ಯಂತ್ರ ತುಳಿಯುತ್ತಿದ್ದ.

ಹರಿಹರದಲ್ಲಿ ಕಮಲನ ಸಂಸಾರ ಹೊಳೆಯ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿ. ಚಡ್ಡಿ ತೊಟ್ಟು ತಿರುಗಿ ಹೋದ ಮೊದಲ ದಿನವೇ ಗಂಡನಿಗೆ ಹೇಳಿದಳು. ಓಬಳೇಶ ಕೆಟ್ಟವನಲ್ಲ. "ಅವ್ವಗೆ ಗೊತ್ತಾಗದಂಗೆ ನೋಡ್ಕ, ನಾನು ಏನೂ ಅನ್ನಲ್ಲ," ಎಂದನಂತೆ. ಅಷ್ಟೇ. ಆಮೇಲೆ ಪಡಸಾಲೆಯಲ್ಲಿ ಹಾಸಿಗೆ ಹಾಕಿಕೊಂಡ. ಒಳ್ಳೆಯವನು ಅಷ್ಟರಲ್ಲೇ ನಿಲ್ಲಬೇಕಿತ್ತೇ ಎಂದು ನಾನು ಎಷ್ಟೋ ಸಲ ಹಲ್ಲು ಕಡಿದಿದ್ದೇನೆ. ಉಚ್ಚೆಂಗೆಮ್ಮ ಇದ್ದದ್ದು ಕೊಂಡಜ್ಜಿಯಲ್ಲಿ, ದೊಡ್ಡ ಮಗನ ಜೊತೆ. ಹಬ್ಬಕ್ಕೋ ಹುಷಾರಿಲ್ಲವೆಂದೋ ಹರಿಹರಕ್ಕೆ ಬಂದು ನಾಲ್ಕಾರು ದಿನ ಇರುತ್ತಿದ್ದಳು. ಆ ದಿನಗಳಲ್ಲಿ ಕಮಲ ಬೆಳಕು ಹರಿಯುವ ಮೊದಲೇ ಹೊಳೆಗೆ ಹೋಗಿ ಒಗೆದು, ಒಗೆದದ್ದನ್ನು ಒದ್ದೆ ಸೀರೆಯ ಕೆಳಗೆ ಮುಚ್ಚಿ ಒಣಗಿಸಿ, ಮನೆಯ ತುಂಬ ಲೋಬಾನ ಹಾಕುತ್ತಿದ್ದಳು. "ಈಕಿ ಏನು ಇಷ್ಟು ಹೊಗೆ ಹಾಕ್ತಾಳೆ," ಎಂದು ಅತ್ತೆ ಗೊಣಗುತ್ತಿದ್ದಳಂತೆ.

ಪಾಲಯ್ಯ ಆಗಾಗ ರೈಲು ಹತ್ತಿ ಹರಿಹರಕ್ಕೆ ಹೋಗುತ್ತಿದ್ದ. ಕೈಯಲ್ಲಿ ಒಂದು ಮಂಡಕ್ಕಿ ಡಬ್ಬಿ. ಮೇಲೆ ಮಂಡಕ್ಕಿ, ಅಡಿಯಲ್ಲಿ ಹೊಸ ಚಡ್ಡಿ. ಬರುವಾಗ ಖಾಲಿ ಡಬ್ಬಿಯ ಅಡಿಯಲ್ಲಿ ಹಳೆಯದು. ಎಲ್ಲಿ ಸೋರುತ್ತಿದೆಯೋ ಅಲ್ಲಿ ಕಮಲ ಒಂದು ಕೆಂಪು ದಾರ ಕಟ್ಟಿರುತ್ತಿದ್ದಳು. ತೊಡೆಯ ಹತ್ತಿರ ದಾರ ಇದ್ದರೆ ಆತ ಅಲ್ಲಿ ಪಟ್ಟಿ ಅಗಲ ಮಾಡುತ್ತಿದ್ದ. ಬೆನ್ನಿನ ಕಡೆ ಇದ್ದರೆ ಮಲಗಿದಾಗ ಸೋರುತ್ತದೆಂದು ಹಿಂದೆ ಎತ್ತರಿಸುತ್ತಿದ್ದ. ಅಪ್ಪ ಮಗಳು ಎದುರಿಗೆ ಕೂತಾಗ ಮಳೆ, ಬೆಳೆ, ರೈಲು ತಡವಾದದ್ದು, ಇಷ್ಟೇ ಮಾತು. ಆ ವಿಷಯ ಒಂದು ದಿನವೂ ಅವರ ಬಾಯಲ್ಲಿ ಬರಲಿಲ್ಲ.

"ನಮ್ಮ ಬೀಗರು ಮಂಡಕ್ಕಿ ಬಿಟ್ಟು ಇನ್ನೇನೂ ಕಂಡಿಲ್ಲ ಕಾಣ್ತೈತೆ," ಎಂದು ಉಚ್ಚೆಂಗೆಮ್ಮ ಒಮ್ಮೆ ಆತನ ಎದುರಿಗೇ ಅಂದಳು. ಪಾಲಯ್ಯ ಡಬ್ಬಿಯನ್ನು ಮಡಿಲಲ್ಲಿ ಬಿಗಿ ಹಿಡಿದು ಹಲ್ಲು ಬಿಟ್ಟನಂತೆ.

ಅರವತ್ತರ ಆಚೆ ಪ್ಲಾಸ್ಟಿಕ್ ಹಾಳೆ ನಮ್ಮ ಪೇಟೆಗೆ ಬಂತು. ರಬ್ಬರಿನ ನಾತವಿಲ್ಲ, ಹಗುರ, ತೊಳೆದರೆ ಕೂಡಲೇ ಒಣಗುತ್ತದೆ. ಆದರೆ ಯಂತ್ರಕ್ಕೆ ಕೊಟ್ಟರೆ ಸೂಜಿಯ ತೂತಿನ ಗುಂಟ ಅಂಚೆ ಚೀಟಿಯಂತೆ ಹರಿದು ಬರುತ್ತಿತ್ತು. ಅಂಟು ಹಿಡಿಯುತ್ತಿರಲಿಲ್ಲ. ಪಾಲಯ್ಯ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ. ಕಡೆಗೆ ಹಿತ್ತಾಳೆ ಚೊಂಬಿನಲ್ಲಿ ಕೆಂಡ ತುಂಬಿ, ಎರಡು ಅಂಚುಗಳನ್ನು ಜೋಡಿಸಿ ಮೇಲೆ ತೆಳು ಕಾಗದ ಹಾಸಿ, ಚೊಂಬಿನ ತಳದ ಅಂಚಿನಿಂದ ಮೆಲ್ಲಗೆ ಒತ್ತಿ ನೋಡಿದ. ಹೆಚ್ಚು ಕಾದರೆ ಸುಟ್ಟು ತೂತು, ಕಡಿಮೆಯಾದರೆ ಬಿಟ್ಟುಬರುತ್ತಿತ್ತು. ಬೆರಳುಗಳೆಲ್ಲ ಬೊಬ್ಬೆ. ಹದ ಸಿಕ್ಕಿದ ದಿನ ನಮ್ಮ ಮನೆಗೆ ಓಡಿ ಬಂದು, ಎಲ್ಲರ ಎದುರಿಗೆ ಹೇಳಲಾಗದೆ, ನನ್ನನ್ನು ಹಿತ್ತಲಿಗೆ ಕರೆದು ತೋರಿಸಿದ. "ಸೂಜಿನೇ ಬ್ಯಾಡ ಶಾಂತಮ್ಮ ಇದಕ್ಕೆ. ಒಂದು ತೂತಿಲ್ಲ." ಅಷ್ಟು ಬೆಳಕು ಆತನ ಮುಖದಲ್ಲಿ ಕೂಸು ಹೋದ ಮೇಲೆ ನಾನು ನೋಡಿರಲಿಲ್ಲ.

ಅದು ಬೇಕಾಗಿಯೂ ಇತ್ತು. ಅರವತ್ತೆರಡರಲ್ಲಿ ಓಬಳೇಶನ ತಮ್ಮನ ಮದುವೆ ಕೊಂಡಜ್ಜಿಯಲ್ಲಿ ಗೊತ್ತಾಗಿತ್ತು. ಕಮಲ ಸೊಸೆಯಾಗಿ ಅತ್ತೆಯ ಮನೆಯಲ್ಲೇ, ನೆಂಟರಿಷ್ಟರ ನಡುವೆ, ಒಂದು ವಾರ ಇರಬೇಕು. ಓಡಾಡಬೇಕು, ಬಡಿಸಬೇಕು, ಹೆಂಗಸರ ಸಾಲಿನಲ್ಲಿ ಮಲಗಬೇಕು. ಮಕ್ಕಳಾಗಿಲ್ಲವೆಂದು ಮೊದಲೇ ಮಾತು ಎದ್ದಿತ್ತು. ಅಲ್ಲಿ ಒಂದು ಹನಿ ನೆಲಕ್ಕೆ ಬಿದ್ದರೆ ಮುಗಿಯಿತು. ಪಾಲಯ್ಯ ಪ್ಲಾಸ್ಟಿಕ್ಕಿನಲ್ಲಿ ಎರಡು ಚಡ್ಡಿ ಮಾಡಿದ. ನಡೆದರೆ ಪರಪರ ಸದ್ದಾಗುತ್ತದೆಂದು ಮೇಲೆ ತೆಳು ಬಟ್ಟೆಯ ಹೊದಿಕೆ ಹಾಕಿದ.

ಮದುವೆ ಮುಗಿಯಿತು. ಡಬ್ಬಿ ವಾಪಸು ಬಂತು. ಪಾಲಯ್ಯ ಮನೆಯೊಳಗೆ ದೀಪದ ಹತ್ತಿರ ಚಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಎಲ್ಲೂ ಕೆಂಪು ದಾರ ಇರಲಿಲ್ಲ. ಮುಂದಿನ ಸಲವೂ ಇರಲಿಲ್ಲ. ಅದರ ಮುಂದಿನ ಸಲವೂ ಇರಲಿಲ್ಲ. ಹೊನ್ನಕ್ಕ ಹೋಳಿಗೆ ಮಾಡಿ ನಮ್ಮ ಮನೆಗೂ ಕೊಟ್ಟಳು. ಏನು ವಿಶೇಷ ಎಂದು ನನ್ನ ಗಂಡ ಕೇಳಿದರೆ ನಾನು ಏನು ಹೇಳಲಿ. ಸುಮ್ಮನೆ ತಿನ್ನಿ ಎಂದೆ.

ಮಾರನೆಯ ವರ್ಷ ಬೇಸಿಗೆಯಲ್ಲಿ ಓಬಳೇಶ ಕಮಲನನ್ನು ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ದಾವಣಗೆರೆಗೆ ತಂದ. ಚಳಿಜ್ವರ, ವಾಂತಿ, ಮುಖ ಕಾಲು ಊದಿಕೊಂಡಿದ್ದವು. ಮಾತು ತೊದಲುತ್ತಿತ್ತು. ಈ ಸಲ ಹೊನ್ನಕ್ಕ ಕಂಪೌಂಡರ ಮಾತೆತ್ತಲಿಲ್ಲ. ಆಸ್ಪತ್ರೆಗೆ ಒಯ್ದೆವು. ಪುಣ್ಯಕ್ಕೆ ಅಲ್ಲಿಗೆ ಒಬ್ಬ ಲೇಡಿ ಡಾಕ್ಟರ್ ಹೊಸದಾಗಿ ಬಂದಿದ್ದರು. ಒಳಗೆ ಕಮಲ ಬ್ಯಾಡ ಬ್ಯಾಡ ಎಂದು ಗೋಗರೆದದ್ದು ಹೊರಗಿದ್ದ ನಮಗೆ ಕೇಳಿಸಿತು.

ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದರು. ಕೈಯಲ್ಲಿ ಆ ಚಡ್ಡಿ ಇತ್ತು. ಎಲ್ಲಿಂದ ತರಿಸಿದಿರಿ ಎಂದು ಮೊದಲು ಕೇಳಿದರು. ನಾನು ಪಾಲಯ್ಯನ ಕಡೆ ನೋಡಿದೆ.

"ದಿನಕ್ಕೆ ಎಷ್ಟು ನೀರು ಕುಡಿಯುತ್ತಾಳೆ?" ಎಂದು ಕೇಳಿದರು.

ಓಬಳೇಶ ಉತ್ತರ ಕೊಟ್ಟ. "ಕುಡಿಯಲ್ಲ ಮೇಡಂ. ನಮ್ಮ ತಮ್ಮನ ಮದುವಿ ಹೊತ್ತಿನಿಂದ ಬಿಟ್ಟಾಳೆ. ಗಂಟಲು ಒಣಗಿದ್ರೆ ಎರಡು ಗುಟುಕು. ಕುಡಿದ್ರೆ ಸೋರ್ತೈತೆ, ಸೋರಿದ್ರೆ ಅಪ್ಪಗೆ ಮತ್ತೆ ಬಿಚ್ಚಿ ಹೊಲಿಯೋ ಕೆಲಸ ಅಂತಾಳೆ."

ಕೆಂಪು ದಾರ ಯಾಕೆ ಬರಲಿಲ್ಲ ಎಂದು ಪಾಲಯ್ಯನಿಗೆ ಆಗ ತಿಳಿಯಿತು, ನನಗೂ ಆಗಲೇ ತಿಳಿಯಿತು. ನಾವು ಹೋಳಿಗೆ ತಿಂದ ದಿನ ಅವಳು ಹರಿಹರದಲ್ಲಿ, ಹೊಳೆಯ ದಂಡೆಯಲ್ಲಿ, ಬಾಯಾರಿ ಕೂತಿದ್ದಳು.

ಡಾಕ್ಟರು ಕಟುವಾಗಿ ಮಾತಾಡಲಿಲ್ಲ. ಮಾತಾಡಿದ್ದರೆ ತಡೆದುಕೊಳ್ಳಬಹುದಿತ್ತು. "ಹೆರಿಗೆಯಲ್ಲಿ ಒಳಗೆ ತೂತು ಬಿದ್ದಿದೆ. ನರದ್ದೇನೂ ಅಲ್ಲ. ಇದನ್ನು ಆಪರೇಷನ್ ಮಾಡಿ ಹೊಲಿಯುತ್ತಾರೆ. ಆಗಲೇ ತಂದಿದ್ದರೆ ಗುಣವಾಗಿ ಮನೆಗೆ ಹೋಗುತ್ತಿದ್ದಳು. ಈಗ ಕಲ್ಲು ಕಟ್ಟಿ, ಕೀವಾಗಿ, ಮೂತ್ರಪಿಂಡ ಎರಡೂ ಕೆಟ್ಟಿವೆ. ನಮ್ಮ ಕೈಯಲ್ಲಿ ಇರುವುದನ್ನು ಮಾಡುತ್ತೇವೆ," ಎಂದರು.

"ಒಳಗೆ ಹೊಲೀತಾರಾ ತಾಯಿ?" ಎಂದ ಪಾಲಯ್ಯ.

"ಹೌದು."

"ಸೂಜಿಯಿಂದ?"

"ಸೂಜಿ ದಾರದಿಂದಲೇ."

"ಸೂಜಿ ತೂತಿನಾಗೆ ಸೋರಲ್ಲೇನು?"

"ಇಲ್ಲಪ್ಪ. ಮಾಂಸ ಕೂಡಿಕೊಳ್ಳುತ್ತದೆ. ಆಮೇಲೆ ಸೋರುವುದಿಲ್ಲ."

ಆತ ಡಾಕ್ಟರ ಕೈಯಿಂದ ಚಡ್ಡಿಯನ್ನು ಇಸಿದುಕೊಂಡು, ಮಡಚಿ, ಅಂಗಿಯ ಒಳಗೆ ಇಟ್ಟುಕೊಂಡು ಬೆಂಚಿನ ಮೇಲೆ ಕೂತ.

ಮಾರನೆಯ ದಿನ ಬೆಳಿಗ್ಗೆ ಉಚ್ಚೆಂಗೆಮ್ಮ ಕೊಂಡಜ್ಜಿಯಿಂದ ಬಂದಳು. ಆಕೆ ಮೆಟ್ಟಿಲು ಹತ್ತುವುದು ಕಂಡು ಹೊನ್ನಕ್ಕ ನನ್ನ ರಟ್ಟೆ ಹಿಡಿದುಕೊಂಡಳು. ಆಕೆ ಯಾರನ್ನೂ ಮಾತಾಡಿಸದೆ ನೇರ ಒಳಗೆ ಹೋದಳು. ಕಮಲ ಅತ್ತೆಯನ್ನು ಕಂಡವಳೇ ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡು, ಊದಿದ ಕಾಲುಗಳನ್ನು ಜೋಡಿಸಿ, ಒದ್ದೆಯಾದ ಹಾಸಿಗೆ ಕಾಣದಂತೆ ಮುದುಡಿದಳು. ಸಾಯುವ ಹೊತ್ತಿನಲ್ಲೂ ಅದೇ ಭಯ. ಮೂಗಿಗೆ ಗೊತ್ತಾಗುವಂಥದ್ದನ್ನು ಬಾಯಲ್ಲಿ ಹೇಳಬೇಕಾಗಿರಲಿಲ್ಲ. ಉಚ್ಚೆಂಗೆಮ್ಮ ಹಾಸಿಗೆಯ ಮೇಲೆ, ಆ ಒದ್ದೆಯ ಮೇಲೆಯೇ ಕೂತು ಸೊಸೆಯ ಹಣೆ ಸವರಿದಳು.

"ಹೆರಿಗೆ ಆದಾಗಿಂದಾನಾ?" ಎಂದು ಕೇಳಿದಳು.

ಕಮಲ ಕಣ್ಣು ಮುಚ್ಚಿಕೊಂಡಳು.

ಉಚ್ಚೆಂಗೆಮ್ಮ ಹೊರಗೆ ಬಂದಳು. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದ ಪಾಲಯ್ಯ ಎದ್ದು ನಿಂತು ಕೈ ಜೋಡಿಸಿದ, ಬೈಗುಳಕ್ಕೆ ತಯಾರಾದವನಂತೆ. ಆಕೆ ಬೈಯಲಿಲ್ಲ. ಕಂಬಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟಳು.

"ಬೀಗರೆ, ನನ್ನ ತಮ್ಮನ ಹೆಂಡ್ತಿಗೂ ಹಿಂಗೇ ಆಗಿತ್ತು," ಎಂದಳು. "ಊರೆಲ್ಲ ಆಕೀನ್ನ ಬಿಟ್ಟುಬಿಡು ಅಂತು. ನಾನೇ ರೈಲಿನಾಗೆ ಕೂಡ್ರಿಸ್ಕಂಡು ಗದಗಿನ ಆಕಡೆ ಮಿಷನ್ ಆಸ್ಪತ್ರೆಗೆ ಕರ್ಕಂಡು ಹೋದೆ. ಸೀಟು ಒದ್ದೆ ಆಗ್ತೈತೆ ಅಂತ ನನ್ನ ತೊಡೆ ಮೇಲೆ ಕೂಡ್ರಿಸ್ಕಂಡಿದ್ದೆ. ಹೊಲಿದು ಕಳಿಸಿದ್ರು. ಈಗ ಆಕಿಗೆ ಎರಡು ಮಕ್ಕಳು ಅದಾವೆ. ಈಕಿದು ನನಗೆ ಗೊತ್ತಾಗಿದ್ರೆ ಮರುದಿನಾನೇ ಹೊರಡ್ತಿದ್ನಲ್ಲ ನಾನು. ನನಗೊಂದು ಮಾತು ಯಾಕ ಹೇಳಲಿಲ್ಲ ನೀವು?"

ಪಾಲಯ್ಯನ ಸುಟ್ಟ ಬೊಬ್ಬೆಗಳ ಕಲೆ ಇದ್ದ ಆ ಬೆರಳುಗಳು ಇನ್ನೂ ಜೋಡಿಸಿಕೊಂಡೇ ಇದ್ದವು.

"ನಿಮಗೆ ಗೊತ್ತಾಗಬಾರದು ಅಂತಾನೇ ಅಕ್ಕಾರೆ," ಎಂದ, "ಇಷ್ಟು ವರ್ಷ ನಾನು ಹೊಲಿದದ್ದು."

ಹೊನ್ನಕ್ಕ ನೆಲಕ್ಕೆ ಹಣೆ ಬಡಿದುಕೊಂಡು ಅಳತೊಡಗಿದಳು. ನಾನು ಅಲ್ಲಿರಲಾರದೆ ಒಳಗೆ ಹೋದೆ. ಬಾಗಿಲು ತೆರೆದೇ ಇತ್ತು. ಕಮಲನಿಗೆ ಎಚ್ಚರವಿತ್ತು, ಎಲ್ಲವೂ ಕೇಳಿಸಿತ್ತು. ನನ್ನನ್ನು ಹತ್ತಿರ ಕರೆದಳು. ಈ ಸಲ ದೂರ ಕೂತುಕೋ ಅನ್ನಲಿಲ್ಲ. ನಾನು ಅವಳ ಬಾಯಿಯ ಹತ್ತಿರ ಕಿವಿ ಇಟ್ಟೆ.

"ಅತ್ತೆ ಒಳ್ಳೇಕಿ ಅದಾಳಲ್ಲೇ ಶಾಂತಿ," ಎಂದಳು. "ನಮಗೆ ಗೊತ್ತೇ ಆಗಲಿಲ್ಲ."

ಅವಳು ನನ್ನ ಜೊತೆ ಆಡಿದ ಕಡೆಯ ಮಾತು ಅದು. ಮರುದಿನ ಮಧ್ಯಾಹ್ನ, ಅತ್ತೆಯ ತೊಡೆಯ ಮೇಲೆ ತಲೆ ಇಟ್ಟುಕೊಂಡೇ ಹೋದಳು.